ಕುಂಬಾರ ಹಾಕಿದ ನೆಲ

“ತಾಯಿ, ನಾಲ್ಕು ಜನರ ಮನೆಯೊಂದನ್ನು ನಡೆಸುವವರು ಅದನ್ನು ಚೆನ್ನಾಗಿ ನಡೆಸಿದರೋ ಇಲ್ಲವೋ ಎಂದು ತಿಳಿಯುವುದು ಹೇಗೆ?”

ಕೇಳಿದವಳು ನಿಂಬೆವ್ವ. ಕೇಳಿಸಿಕೊಂಡವರು ಮುರಿಗೆವ್ವ ತಾಯಿ. ತಾಯಿ ತತ್ವಪದ ಹೇಳಿಕೊಡುವವರು. ನಿಂಬೆವ್ವ ಹನ್ನೆರಡು ವರ್ಷದಿಂದ ಅವರ ಬಳಿ ಕಲಿಯುತ್ತಿರುವವಳು. ತಾಯಿ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ನಿಂಬೆವ್ವ ಕೂರುವಾಗ ಸೊಂಟದ ಬೀಗದ ಕೈ ಚುಚ್ಚಿತೆಂದು ಅದನ್ನು ತೆಗೆದು ಪಕ್ಕಕ್ಕಿಟ್ಟಳು. ತಾನೂ ಒಂದು ಹಿಡಿ ಕಾಯಿ ಎಳೆದುಕೊಂಡಳು.

“ಯಾವ ಮನೆ?” ಎಂದರು ತಾಯಿ.

“ನಮ್ಮೂರಿನ ಕಲಾಮಂದಿರ. ಅದರ ಆಡಳಿತ ಮಂಡಳಿಗೆ ಬಾ ಎನ್ನುತ್ತಿದ್ದಾರೆ. ಸಂಬಳವಿಲ್ಲ, ಬೈಗುಳ ಮಾತ್ರ ಹೊಟ್ಟೆ ತುಂಬ. ಮೂರು ವರ್ಷದಿಂದ ಅಲ್ಲಿಯ ವಾದ್ಯಗಳ ಕಪಾಟಿನ ಬೀಗದ ಕೈ ನನ್ನ ಹತ್ತಿರವೇ ಇದೆ. ಒಂದು ತಂತಿ ಕಡಿದಿಲ್ಲ, ಒಂದು ಚರ್ಮ ಹರಿದಿಲ್ಲ. ಅದನ್ನು ನೋಡಿಯೇ ಕರೆದಿರಬೇಕು. ಹೋಗಬೇಕೆಂಬ ಆಸೆಯಿದೆ ತಾಯಿ. ಆದರೆ ವರ್ಷದ ಕೊನೆಗೆ ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಯಾವುದನ್ನು ನೋಡಿ ತಿಳಿಯಲಿ?”

ತಾಯಿ ಒಂದು ಕಾಯಿ ಬಿಡಿಸಿ ನೋಡಿದರು. ಹುಳುವಿತ್ತು. ಆಚೆ ಎಸೆದು ಕತೆ ಶುರು ಮಾಡಿದರು.

ಒಂದು ಊರು. ಊರಿನ ನಡುವೆ ಒಂದು ಆಟದ ಮನೆ. ನಾಲ್ಕು ಗೋಡೆ, ಒಂದು ಸೂರು, ಮಣ್ಣಿನ ನೆಲ. ಹಾಡುವವರು ಅಲ್ಲಿ ಬಂದು ಹಾಡುತ್ತಿದ್ದರು, ಬಾರಿಸುವವರು ಬಾರಿಸುತ್ತಿದ್ದರು. ಎಲ್ಲರಿಗಿಂತ ಹೆಚ್ಚಾಗಿ ಬರುತ್ತಿದ್ದವರು ಕುಣಿಯುವವರು. ಆ ಊರಿನ ಕುಣಿತದಲ್ಲಿ ಕೈಗಿಂತ ಕಾಲಿಗೆ ಕೆಲಸ ಹೆಚ್ಚು, ಕಾಲಿನಲ್ಲೂ ಹಿಮ್ಮಡಿಗೆ. ತಾಳ ಮುಗಿಯುವ ಕಡೆ ಹಿಮ್ಮಡಿ ನೆಲಕ್ಕೆ ಬೀಳಬೇಕು. ಬಿದ್ದದ್ದು ಪಕ್ಕದ ಬೀದಿಗೆ ಕೇಳಬೇಕು.

ಆ ಮನೆಯನ್ನು ನಡೆಸಲು ವರ್ಷಕ್ಕೆ ಐದು ಜನ. ಅವರನ್ನು ಯಾರೂ ಆರಿಸುತ್ತಿರಲಿಲ್ಲ. ಯುಗಾದಿ ಕಳೆದ ಮೂರನೆಯ ದಿನ ಆಟದ ಮನೆಯ ಹಳೆಯ ನೆಲವನ್ನು ಅಗೆದು, ಆ ಮಣ್ಣನ್ನೇ ಅಂಗಳದ ಗುಂಡಿಗೆ ಹಾಕಿ ನೀರು ಬಿಡುತ್ತಿದ್ದರು. ಊರೆಲ್ಲ ಸುತ್ತ ನಿಲ್ಲುತ್ತಿತ್ತು. ತಾನಾಗಿ ಬಂದು ಆ ಕೆಸರಿಗೆ ಕಾಲಿಟ್ಟ ಮೊದಲ ಐದು ಜನರೇ ಆ ವರ್ಷದ ಐವರು. ಮಣ್ಣನ್ನು ಅವರೇ ತುಳಿಯಬೇಕು. ಹೊಸ ನೆಲವನ್ನು ಅವರೇ ಹಾಕಬೇಕು. ಮುಂದಿನ ಯುಗಾದಿಯವರೆಗೆ ಮನೆಯ ಒಳಿತು ಕೆಡುಕು ಅವರದು. ಕೈ ಎತ್ತುವುದು ಸುಲಭ, ಕಾಲು ಕೆಸರು ಮಾಡಿಕೊಳ್ಳುವುದು ಕಷ್ಟ ಎಂದು ತಿಳಿದ ಯಾರೋ ಹಿರಿಯರು ಈ ಪದ್ಧತಿ ಹಾಕಿದ್ದರು.

ಅಗೆಯುವುದಕ್ಕೆ ಮೊದಲು ಇನ್ನೊಂದು ಶಾಸ್ತ್ರ. ಊರಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಮುದುಕಿ ಹಳೆಯ ನೆಲದ ಮೇಲೆ ಮಂಡಿಯೂರಿ ಕುಳಿತು, ಗೋಡೆಯಿಂದ ಗೋಡೆಗೆ ಅಂಗೈ ಆಡಿಸುತ್ತ ಹೋಗಬೇಕು. ಎಲ್ಲಕ್ಕಿಂತ ಆಳವಾದ ಕುಳಿ ಸಿಕ್ಕಿದಾಗ ಅದರಲ್ಲಿ ಕೈಯಿಟ್ಟು “ಅಬ್ಬಾ, ಇಷ್ಟು ಆಳ!” ಎನ್ನಬೇಕು. ಊರೆಲ್ಲ ಗೊಳ್ಳೆಂದು ನಗುತ್ತಿತ್ತು. ಆಮೇಲೆ ಗುದ್ದಲಿ ಬೀಳುತ್ತಿತ್ತು. ಅಗೆಯುವಾಗ ಮಣ್ಣಿನಲ್ಲಿ ಏನಾದರೂ ಸಿಕ್ಕರೆ, ಉದುರಿದ ಗೆಜ್ಜೆಯೋ, ಬಳೆಯ ಚೂರೋ, ಯಾರದೋ ಮೂಗುಬೊಟ್ಟೋ, ಅದನ್ನು ತೊಳೆದು ಗೋಡೆಯ ಗೂಡಿನಲ್ಲಿ ಇಡುತ್ತಿದ್ದರು.

ಆ ಊರಿನಲ್ಲಿ ಒಬ್ಬ ಕುಂಬಾರನಿದ್ದ. ಆ ನಗು ಅವನಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಚುಚ್ಚಲು ಕಾರಣವಿತ್ತು. ಅವನು ಮಣ್ಣಿನ ಮನುಷ್ಯ. ಅವನು ಮಾಡಿದ ಗಡಿಗೆಗೆ ಬೆರಳಲ್ಲಿ ಬಡಿದರೆ ಕಂಚಿನ ಹಾಗೆ ದನಿ ಕೊಡುತ್ತಿತ್ತು. ಅಂಥವನಿದ್ದ ಊರಿನಲ್ಲಿ, ಊರೆಲ್ಲ ಸೇರುವ ಮನೆಯ ನೆಲ ವರ್ಷ ತುಂಬುವುದರೊಳಗೆ ಎತ್ತು ತುಳಿದ ಗದ್ದೆಯಾಗುತ್ತಿತ್ತು. ಎಲ್ಲರೂ ನಗುತ್ತಿದ್ದರು. ಇದು ನಾಚಿಕೆಗೇಡು ಎಂದು ಅವನು ಮೂವತ್ತು ವರ್ಷ ಗುಂಪಿನಲ್ಲಿ ನಿಂತು ಹಲ್ಲು ಕಚ್ಚಿದ.

ಅವನ ಮನಸ್ಸಿನಲ್ಲಿ ಇನ್ನೊಂದು ಮಾತೂ ಇತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಗಡಿಗೆ ಒಡೆಯುತ್ತದೆ. ಒಡೆದ ದಿನವೇ ಮರೆತುಹೋಗುತ್ತದೆ. ಸಾಯುವುದರೊಳಗೆ ಒಂದೇ ಒಂದು ವಸ್ತು, ಒಡೆಯದೆ ಉಳಿದದ್ದು, ಊರವರು ಕಂಡು ‘ಭಲೇ’ ಎಂದದ್ದು, ತನ್ನ ಕೈಯಿಂದ ಆಗಬೇಕು. ಅವನ ಆಸೆ ಇಷ್ಟೇ.

ಒಂದು ವರ್ಷ ಗುಂಡಿಗೆ ನೀರು ಬಿಟ್ಟದ್ದೇ ತಡ, ಎಲ್ಲರಿಗಿಂತ ಮೊದಲು ಕುಂಬಾರ ಕೆಸರಿಗೆ ಇಳಿದ. ಅವನ ಹಿಂದೆ ಒಬ್ಬ ಕುರುಬ ಇಳಿದ, ಒಬ್ಬ ಗಾಣಿಗ ಇಳಿದ, ಒಬ್ಬ ಸೂಲಗಿತ್ತಿ ಇಳಿದಳು. ಕೊನೆಗೆ ಒಬ್ಬ ಬಳೆಗಾರ್ತಿ ಸೀರೆ ಎತ್ತಿ ಕಟ್ಟಿ ಇಳಿದಳು.

ಕುಂಬಾರನ ಹೆಂಡತಿ ದಂಡೆಯ ಮೇಲೆ ನಿಂತು ನೋಡುತ್ತಿದ್ದಳು. “ಮನೆಯ ಹಿತ್ತಿಲ ಗೋಡೆ ಬಿದ್ದು ಎರಡು ಮಳೆಗಾಲ ಆಯಿತು. ಅಲ್ಲಿ ತುಳಿಯದ ಕಾಲು ಇಲ್ಲಿ ಹೇಗೆ ಎದ್ದು ಓಡಿತು ನೋಡಿ” ಎಂದಳು.

“ಅದು ನಮ್ಮ ಗೋಡೆ ಕಣೇ. ಇದು ಊರ ನೆಲ” ಎಂದ ಕುಂಬಾರ.

“ಹಂದಿಗೆ ಅದೆಲ್ಲ ಗೊತ್ತಾಗುವುದಿಲ್ಲ. ಅದು ನಮ್ಮ ಸೊಪ್ಪನ್ನೇ ತಿನ್ನುತ್ತದೆ” ಎಂದಳು ಅವಳು. ಸುತ್ತಲಿನವರು ನಕ್ಕರು. ಕುಂಬಾರನೂ ನಕ್ಕ. ಅವನಿಗೆ ಅಂದು ಯಾರ ಮೇಲೂ ಕೋಪವಿರಲಿಲ್ಲ.

ಅವನು ನೆಲ ಹಾಕಿದ ರೀತಿಯೇ ಬೇರೆ. ಬೇರೆಯವರು ಎರಡು ದಿನದಲ್ಲಿ ಮುಗಿಸುತ್ತಿದ್ದದ್ದಕ್ಕೆ ಅವನು ಇಪ್ಪತ್ತು ದಿನ ತೆಗೆದುಕೊಂಡ. ಮಣ್ಣನ್ನು ಮೂರು ಸಲ ಜರಡಿ ಹಿಡಿದ. ಸುಣ್ಣ ಬೆರೆಸಿದ, ಬೆಲ್ಲದ ನೀರು ಬೆರೆಸಿದ. ಮರದ ಕೊಡತಿ ಹಿಡಿದು ನೆಲವನ್ನು ಹನ್ನೆರಡು ದಿನ ಬಡಿದ. ಉಳಿದ ನಾಲ್ವರು ಬೆಳಿಗ್ಗೆ ಬಂದು ಮಧ್ಯಾಹ್ನ ಸೋತು ಹೋಗುತ್ತಿದ್ದರು. ಇವನು ಬೆಳಕು ಹರಿಯುವಾಗ ಬಂದು ಬೆಳಕು ಮುಗಿಯುವಾಗ ಏಳುತ್ತಿದ್ದ. ಕೊನೆಗೆ ಗಡಿಗೆ ತಿಕ್ಕುವ ತನ್ನ ನುಣುಪು ಕಲ್ಲನ್ನು ತಂದು, ಗೇಣು ಗೇಣಾಗಿ ಇಡೀ ನೆಲವನ್ನು ತಿಕ್ಕಿದ.

ನೆಲ ಆರಿದ ದಿನ ಊರು ಬಾಗಿಲಿಗೆ ಬಂತು. ಬಂದವರು ಹೊಸ್ತಿಲಲ್ಲೇ ನಿಂತರು. ಒಳಗೆ ನೆಲವಿರಲಿಲ್ಲ, ಕೆರೆಯಿತ್ತು. ಸೂರಿನ ತೊಲೆಗಳು ಅದರೊಳಗೆ ತಲೆಕೆಳಗಾಗಿ ಕಾಣುತ್ತಿದ್ದವು.

“ಭಲೇ ಕುಂಬಾರ” ಎಂದಿತು ಊರು.

ಅಂದು ಅವನು ಎರಡು ರೊಟ್ಟಿ ಹೆಚ್ಚು ತಿಂದ.

ಮರುದಿನ ಕುಣಿಯುವವರು ಬಂದರು. ಮದ್ದಳೆ ಏರಿತು, ತಾಳ ಏರಿತು, ಇಪ್ಪತ್ತು ಹಿಮ್ಮಡಿ ಒಟ್ಟಿಗೆ ಬಿದ್ದವು. ಕುಂಬಾರನಿಗೆ ತನ್ನ ಎದೆಯ ಮೇಲೆ ಬಿದ್ದ ಹಾಗಾಯಿತು. ಅವರು ಹೋದ ಮೇಲೆ ಮಂಡಿಯೂರಿ ನೋಡಿದ. ನೆಲದಲ್ಲಿ ಉಗುರಿನಷ್ಟು ಅಗಲದ ಗುರುತುಗಳು. ಒದ್ದೆ ಮಣ್ಣು ತಂದು ಒಂದೊಂದನ್ನೂ ಮುಚ್ಚಿ, ಕಲ್ಲಿನಲ್ಲಿ ತಿಕ್ಕಿದ. ನೆಲ ಮತ್ತೆ ಕೆರೆಯಾಯಿತು.

ಐವರು ವಾರಕ್ಕೊಮ್ಮೆ ಕೂರುತ್ತಿದ್ದರು. ಕುಂಬಾರ ಹೇಳಿದ: “ನೆಲ ಹೊಸದು. ಹಸಿ ಪೂರ್ತಿ ಆರುವವರೆಗೆ ಸ್ವಲ್ಪ ಮೆಲ್ಲಗೆ ಕುಣಿಯಲಿ.” ಸಣ್ಣ ಮಾತು. ಎಲ್ಲರೂ ಒಪ್ಪಿದರು. ಮುಂದಿನ ವಾರ ಹೇಳಿದ: “ಗೆಜ್ಜೆ ಗೀಚುತ್ತದೆ. ಬಾಗಿಲಲ್ಲಿ ಬಿಚ್ಚಿ ಬರಲಿ.” ಇದೂ ಸಣ್ಣ ಮಾತು. ಇನ್ನೊಂದು ವಾರ: “ಮದ್ದಳೆಯನ್ನು ಮಡಿಸಿದ ಗೋಣಿಚೀಲದ ಮೇಲೆ ಇಟ್ಟುಕೊಳ್ಳಲಿ.” ಅದೂ ಆಯಿತು. ಎಲ್ಲರಿಗಿಂತ ಹೆಚ್ಚು ದುಡಿಯುವವನು ಒಂದು ಮಾತು ಕೇಳಿದರೆ, ಕಡಿಮೆ ದುಡಿದವರಿಗೆ ಇಲ್ಲ ಎನ್ನಲು ನಾಲಗೆ ಏಳುವುದಿಲ್ಲ. ಗಾಣಿಗ ತಲೆಯಾಡಿಸಿದ. ಸೂಲಗಿತ್ತಿಗೆ ಯಾವುದೋ ಮನೆಯಿಂದ ಕರೆ ಬಂದು, ತಲೆಯಾಡಿಸುತ್ತಲೇ ಎದ್ದು ಹೋದಳು.

ಬಳೆಗಾರ್ತಿ ಮಾತ್ರ ಬಾಯಿ ಬಿಟ್ಟಳು. “ಕುಂಬಾರಣ್ಣ, ಬಳೆಯೇ ಒಡೆಯದ ಊರಿದ್ದರೆ ಅಲ್ಲಿ ನಾನು ಹೊಟ್ಟೆ ಹೊರೆಯುವುದು ಹೇಗೆ?”

“ಬಳೆಯ ಮಾತು ಬೇರೆ ತಂಗಿ. ನೆಲದ ಮಾತು ಬೇರೆ.”

“ಇರಲಿ ಬಿಡು. ನಿನ್ನ ಬೆನ್ನು ನೋಡಿದರೆ ಪಾಪ ಅನಿಸುತ್ತದೆ” ಎಂದು ಅವಳೂ ಒಪ್ಪಿದಳು.

ಆ ಬೇಸಿಗೆಯಲ್ಲಿ ಒಂದು ದಿನ ಕುಂಬಾರ ಊಟಕ್ಕೆ ಹೋಗಿ ಬಂದಾಗ, ಇನ್ನೂ ಹಸಿ ಆರದ ಮೂಲೆಯಲ್ಲಿ ನಾಲ್ಕು ಕುಳಿ ಕಂಡವು. ಆಳವಾದ ಕುಳಿಗಳು. ಹೊರಗೆ ಕುರುಬನ ಆಡು ಮೇಯುತ್ತಿತ್ತು. ಇದು ಅದರದೇ ಕೆಲಸ ಎಂದುಕೊಂಡ ಕುಂಬಾರ. ಅಲ್ಲಿಯೇ ಮಣ್ಣು ಮೆತ್ತಿ ಮುಚ್ಚಿದ. ಸಂಜೆ ಕುರುಬನನ್ನು ಹಿಡಿದು, ಐವರಲ್ಲಿ ಒಬ್ಬನಾಗಿ ತನ್ನ ಆಡನ್ನು ಅಂಕೆಯಲ್ಲಿ ಇಡಲಾರದವನು ಊರ ಮನೆಯನ್ನು ಏನು ಇಟ್ಟಾನು ಎಂದು ಬೈದ. ಅಂದಿನಿಂದ ಆ ಆಡಿನ ಕೊರಳಿಗೆ ಹಗ್ಗ ಬಂತು. ವರ್ಷವಿಡೀ ಅದು ಗೂಟದ ಸುತ್ತ ತಿರುಗಿತು.

ಮಳೆಗಾಲ ಬಂತು. ಒದ್ದೆ ಕಾಲು ಒಳಗೆ ಬೇಡ ಎಂದಾಯಿತು. ಮಳೆಗಾಲ ಹೋಯಿತು. ನೆಲ ತಂಪು ಹಿಡಿದಿದೆ, ಹಿಮ್ಮಡಿಯ ಕುಣಿತ ಸದ್ಯಕ್ಕೆ ಹೊರಗೆ ಆಗಲಿ ಎಂದಾಯಿತು. ಕುಣಿಯುವವರು ಜಗಳ ಮಾಡಲಿಲ್ಲ. ಸುಗ್ಗಿ ಮುಗಿದು ಕಣ ಬರಿದಾಗಿತ್ತು. ಅವರು ಮದ್ದಳೆ ಹೊತ್ತುಕೊಂಡು ಊರಾಚೆಯ ಕಣಕ್ಕೆ ಹೋದರು. ಹಾಡುವವರು ಸ್ವಲ್ಪ ದಿನ ಬಂದರು. ಕೂತು ಎದ್ದಾಗಲೆಲ್ಲ ಕುಂಬಾರ ಬಟ್ಟೆ ಹಿಡಿದು ಅವರು ಕೂತ ಜಾಗ ಒರೆಸುವುದನ್ನು ಕಂಡು, ತಮ್ಮ ಹಿಂಬದಿ ಅಷ್ಟು ಕೊಳೆಯೇ ಎಂದು ನಗುತ್ತ ಅವರೂ ಕಣಕ್ಕೆ ಹೋದರು.

ಆಟದ ಮನೆಗೆ ಜನ ಬರುವುದು ಮಾತ್ರ ನಿಲ್ಲಲಿಲ್ಲ. ನೆಲ ನೋಡಲು ಬರುತ್ತಿದ್ದರು. ಪಕ್ಕದ ಊರಿನಿಂದ ಬೀಗರು ಬಂದರೆ, ಊಟ ಹಾಕಿ, ವೀಳ್ಯ ಕೊಟ್ಟು, “ಬನ್ನಿ, ನಮ್ಮ ನೆಲ ನೋಡಿ” ಎಂದು ಕರೆತರುತ್ತಿದ್ದರು. ಬಂದವರು ಹೊಸ್ತಿಲಲ್ಲಿ ನಿಂತು ಒಳಗೆ ಇಣುಕಿ ತಮ್ಮ ಮುಖ ನೋಡಿಕೊಳ್ಳುತ್ತಿದ್ದರು. “ಹೀಗೂ ಉಂಟೇ!” ಎನ್ನುತ್ತಿದ್ದರು. ಕುಂಬಾರ ಬಾಗಿಲ ಪಕ್ಕ ಕುಳಿತು ಅದನ್ನು ಕೇಳುತ್ತಿದ್ದ. ಗಾಳಿ ಆ ಕಡೆಯಿಂದ ಬೀಸಿದಾಗ ಕಣದ ಮದ್ದಳೆಯೂ ಕೇಳುತ್ತಿತ್ತು. ಅವರೂ ಸುಖವಾಗಿದ್ದಾರೆ, ನೆಲವೂ ಸುಖವಾಗಿದೆ ಎಂದುಕೊಳ್ಳುತ್ತಿದ್ದ. ಅವನಿಗೆ ನಿಜವಾಗಿಯೂ ಹಾಗೆ ಅನಿಸುತ್ತಿತ್ತು.

ವರ್ಷ ತುಂಬಿತು. ಯುಗಾದಿ ಕಳೆದ ಮೂರನೆಯ ದಿನ ಊರೆಲ್ಲ ಆಟದ ಮನೆಗೆ ಬಂತು. ಕುಂಬಾರ ಮಡಿ ಪಂಚೆ ಉಟ್ಟು, ಹೆಂಡತಿಯನ್ನು ಮುಂದೆ ನಿಲ್ಲಿಸಿಕೊಂಡು ನಿಂತಿದ್ದ. ಈ ಸಲ ನಗುವವರು ಯಾರೂ ಇಲ್ಲ. ಈ ಸಲ ಮುದುಕಿಯ ಕೈಗೆ ಕುಳಿ ಸಿಕ್ಕುವುದಿಲ್ಲ.

ಮುದುಕಿಯನ್ನು ಇಬ್ಬರು ತೋಳು ಹಿಡಿದು ಕರೆತಂದರು. ಅವಳಿಗೆ ಕಣ್ಣು ಮಂಜಾಗಿತ್ತು. ಮಂಡಿಯೂರಿ ಕುಳಿತು ಅಂಗೈಯನ್ನು ನೆಲದ ಮೇಲಿಟ್ಟಳು. ಆಡಿಸುತ್ತ ಹೋದಳು. ಮೂಡಲ ಗೋಡೆಯಿಂದ ಪಡುವಲ ಗೋಡೆಗೆ ಹೋದಳು. ಅಲ್ಲಿ ಕುಳಿತು ಉಸಿರು ಬಿಟ್ಟಳು. ಮತ್ತೆ ತಿರುಗಿ ಬಂದಳು. ನಡುವೆ ನಿಂತು ಎಡಕ್ಕೆ ಹುಡುಕಿದಳು, ಬಲಕ್ಕೆ ಹುಡುಕಿದಳು. ಕೈ ಎಲ್ಲಿಯೂ ತಡೆಯಲಿಲ್ಲ. ಊರು ಉಸಿರು ಹಿಡಿದು ನೋಡುತ್ತಿತ್ತು. ಕುಂಬಾರನ ಎದೆ ಹಿಗ್ಗುತ್ತಿತ್ತು.

ಮುದುಕಿ ತಲೆಯೆತ್ತಿದಳು. ಅವಳ ಮುಖ ಸಣ್ಣದಾಗಿತ್ತು.

“ಕುಂಬಾರಪ್ಪ, ಈ ವರ್ಷ ಯಾರೂ ಬರಲಿಲ್ಲವೇ?” ಎಂದಳು. “ಊರಿಗೆ ಬೇನೆಗೀನೆ ಬಂದಿತ್ತೇ? ನನಗೆ ಯಾರೂ ಹೇಳಲೇ ಇಲ್ಲವಲ್ಲ.”

ಅದು ಕುಹಕವಾಗಿದ್ದರೆ ಕುಂಬಾರ ತಡೆದುಕೊಳ್ಳುತ್ತಿದ್ದ, ಒಂದಕ್ಕೆ ಎರಡು ಉತ್ತರವನ್ನೂ ಕೊಡುತ್ತಿದ್ದ. ಅವಳು ನಿಜವಾಗಿಯೇ ಕೇಳಿದ್ದಳು. ಅವಳ ದನಿಯಲ್ಲಿ ಹೆದರಿಕೆಯಿತ್ತು.

“ಇಲ್ಲ ಅಜ್ಜಿ, ಎಲ್ಲರೂ ಚೆನ್ನಾಗಿದ್ದಾರೆ” ಎಂದ.

ಮುದುಕಿ ಅಲ್ಲಿಯೇ ಕುಳಿತುಕೊಂಡಳು. “ನಾನು ಏಳು ಹೊಳೆ ದಾಟಿ ಈ ಊರಿಗೆ ಬಂದವಳು. ಬಂದಾಗ ನನಗೆ ಇಲ್ಲಿಯ ಮಾತು ಬರುತ್ತಿರಲಿಲ್ಲ. ನೀರು ಕೇಳಿದರೆ ಹೆಂಗಸರು ನಗುತ್ತಿದ್ದರು. ತವರಿನ ಹಾದಿಯೂ ಮರೆತಿತ್ತು. ಇಲ್ಲಿಗೆ ಬಂದರೆ ಮಾತು ಬೇಕಾಗಿರಲಿಲ್ಲ, ಹಿಮ್ಮಡಿ ಇದ್ದರೆ ಸಾಕಾಗಿತ್ತು. ವರ್ಷದ ಕೊನೆಗೆ ಆಗಿನ ಅಜ್ಜಿ ಹೀಗೆಯೇ ಕೈಯಾಡಿಸಿ, ಒಂದು ಕುಳಿಯಲ್ಲಿ ಕೈಯಿಟ್ಟು, ‘ಇಷ್ಟು ಆಳ! ಇದು ಆ ಪರವೂರಿನ ಹುಡುಗಿ ಕುಣಿಯುವ ಜಾಗ’ ಎಂದಳು. ಊರೆಲ್ಲ ನಕ್ಕಿತು. ಆ ದಿನದಿಂದ ನಾನು ಈ ಊರಿನವಳಾದೆ. ಈ ನೆಲದಲ್ಲಿ ನಾನು ಹುಡುಕುವುದು ಕುಳಿಯನ್ನಲ್ಲಪ್ಪ. ಈ ವರ್ಷ ಯಾರು ಯಾರು ನಮ್ಮವರಾದರು ಎಂದು ಹುಡುಕುತ್ತೇನೆ.”

ಯಾರೂ ನಗಲಿಲ್ಲ. ಮೂವತ್ತು ವರ್ಷ ತನಗೆ ಚುಚ್ಚಿದ್ದ ನಗು ಎಂಥದು ಎಂದು ಕುಂಬಾರನಿಗೆ ಆಗ ಹೊಳೆಯಿತು. ನೆಲದೊಳಗೆ ತಲೆಕೆಳಗಾಗಿ ನಿಂತ ಊರನ್ನು ಅವನು ನೋಡಿದ.

ಅಗೆಯಲು ಶುರು ಮಾಡಿದರು. ಪ್ರತಿ ವರ್ಷ ಅರ್ಧ ದಿನದ ಕೆಲಸ. ಕುಣಿದವರು ಮೊದಲೇ ಅರ್ಧ ಅಗೆದಿರುತ್ತಿದ್ದರು. ಈ ಸಲ ಗುದ್ದಲಿ ಬಿದ್ದರೆ ಠಣ್ಣೆಂದು ಹಾರಿ ಬರುತ್ತಿತ್ತು. ಹಾರೆ ತಂದರು. ಹಾರೆಯ ಮೊನೆ ಮೊಂಡಾಯಿತು.

“ನೆಲ ಹಾಕಪ್ಪ ಎಂದರೆ ಕೋಟೆ ಕಟ್ಟಿದ್ದಾನೆ” ಎಂದ ಗಾಣಿಗ ಬೆವರು ಒರೆಸಿಕೊಂಡು.

“ಕೋಟೆಯೊಳಗೆ ರಾಜನೂ ಇರಲಿಲ್ಲ, ಪ್ರಜೆಯೂ ಇರಲಿಲ್ಲ. ಬರೀ ಕಾವಲುಗಾರ” ಎಂದಳು ಕುಂಬಾರನ ಹೆಂಡತಿ. ಅಷ್ಟು ಹೇಳಿ ಅವಳೂ ಸೆರಗು ಬಿಗಿದು ಹಾರೆ ಹಿಡಿದಳು.

ಎರಡು ದಿನ ಅಗೆದರು. ಸಿಕ್ಕಿದ ಮಣ್ಣಿನಲ್ಲಿ ಏನೂ ಇರಲಿಲ್ಲ. ಗೆಜ್ಜೆಯಿಲ್ಲ, ಮಣಿಯಿಲ್ಲ. ಗೂಡಿನಲ್ಲಿ ಇಡಲು ಆ ವರ್ಷದ್ದೆಂದು ಒಂದು ಕಾಳಿನಷ್ಟೂ ಸಿಗಲಿಲ್ಲ. ಕುಂಬಾರ ಮಣ್ಣನ್ನು ಬೆರಳಲ್ಲಿ ಕೆದಕಿ ಕೆದಕಿ ನೋಡುತ್ತಿದ್ದ. ಯಾವ ಮಣ್ಣನ್ನು ಮೂರು ಸಲ ಜರಡಿ ಹಿಡಿದಿದ್ದನೋ ಅದೇ ಮಣ್ಣಿನಲ್ಲಿ ಈಗ ಒಂದು ಚೂರಿಗಾಗಿ ಹುಡುಕುತ್ತಿದ್ದ.

ಮೂರನೆಯ ದಿನ ಮೂಲೆಗೆ ಬಂದರು. ಆಡು ತುಳಿದಿತ್ತೆಂದು ಅವನು ಮುಚ್ಚಿದ್ದ ತೇಪೆ ಎದ್ದು ಬಂತು. ಅದರ ಅಡಿಯಲ್ಲಿ ಹಸಿರಾದದ್ದೇನೋ ಹೊಳೆಯಿತು. ಕುಂಬಾರ ಅದನ್ನು ಎತ್ತಿ ಪಂಚೆಯಲ್ಲಿ ಒರೆಸಿದ. ಗಾಜಿನ ಬಳೆಯ ಚೂರು.

ಕುರುಬ ಅದನ್ನು ನೋಡಿದ, ಗೂಟದ ಕಡೆ ನೋಡಿದ. “ನನ್ನ ಆಡು ಬಳೆ ತೊಡುವುದಿಲ್ಲ ಕುಂಬಾರಣ್ಣ” ಎಂದ.

ಬಳೆಗಾರ್ತಿ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಅವಳ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡರು. ತಿರುಗಿದರೆ ನಗುತ್ತಿದ್ದಳು.

“ಬೈಯಬೇಡ ಅಣ್ಣ” ಎಂದಳು. “ನೀನು ಊಟಕ್ಕೆ ಹೋಗಿದ್ದೆ. ಬಿಸಿಲು ಬಾಗಿಲಿಂದ ಒಳಗೆ ಬಿದ್ದಿತ್ತು. ನೆಲ ಅಷ್ಟು ಚೆನ್ನಾಗಿತ್ತು. ಅಂಥ ನೆಲ ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಕಾಲು ಕೇಳಲಿಲ್ಲ. ನಾಲ್ಕೇ ನಾಲ್ಕು ಹೆಜ್ಜೆ. ಐದನೆಯದಕ್ಕೆ ಕೈ ಗೋಡೆಗೆ ತಗುಲಿ ಬಳೆ ಒಡೆಯಿತು, ಓಡಿಬಿಟ್ಟೆ.”

“ಪಾಪದ ಆಡು ವರ್ಷವಿಡೀ ನಿನ್ನ ಪಾಲಿನ ಹಗ್ಗ ಕಟ್ಟಿಕೊಂಡಿತಲ್ಲ ತಾಯಿ” ಎಂದ ಕುರುಬ.

ಆಗ ಊರು ನಕ್ಕಿತು. ಮೊನ್ನೆ ನಗದೆ ಬಿಟ್ಟದ್ದನ್ನೂ ಸೇರಿಸಿ ನಕ್ಕಿತು. ಕುಂಬಾರನಿಗೂ ತಡೆಯಲಾಗಲಿಲ್ಲ. ನಗುತ್ತಲೇ ಆ ಹಸಿರು ಚೂರನ್ನು ತೊಳೆದು ತಂದು ಗೂಡಿನಲ್ಲಿಟ್ಟ. ಅವನ ವರ್ಷದ್ದೆಂದು ಅದೊಂದು ಉಳಿಯಿತು.

ಗುಂಡಿಗೆ ಮಣ್ಣು ಬಿತ್ತು, ನೀರು ಬಿಟ್ಟರು. ಊರು ಸುತ್ತ ನಿಂತಿತು. ಕುಂಬಾರ ಹಿಂದೆ ಸರಿದು ಬೇವಿನ ಮರಕ್ಕೆ ಒರಗಿದ. ಮತ್ತೆ ಕೆಸರಿಗೆ ಇಳಿಯುವ ಮುಖ ತನಗಿಲ್ಲ ಎಂದುಕೊಂಡ. ಒಬ್ಬ ಇಳಿದ. ಇನ್ನೊಬ್ಬಳು ಇಳಿದಳು. ಮೂವರಾದರು, ನಾಲ್ವರಾದರು. ಐದನೆಯ ಕಾಲು ಯಾರದೆಂದು ಎಲ್ಲರೂ ಅತ್ತ ಇತ್ತ ನೋಡುತ್ತಿದ್ದಾಗ, ಕುಂಬಾರನ ಬೆನ್ನಿಗೆ ಎರಡು ಅಂಗೈ ಬಿದ್ದವು. ಅವನು ಮೂರು ಹೆಜ್ಜೆ ಓಡಿ, ಉಟ್ಟ ಪಂಚೆಯ ಸಮೇತ ಕೆಸರಿನಲ್ಲಿ ಮಂಡಿಯವರೆಗೆ ಹೂತು ನಿಂತ.

ತಿರುಗಿ ನೋಡಿದ. ಹೆಂಡತಿ ಕೈ ಒರೆಸಿಕೊಳ್ಳುತ್ತಿದ್ದಳು.

“ತಾನಾಗಿ ಇಳಿಯಬೇಕು. ತಳ್ಳಿದರೆ ಲೆಕ್ಕಕ್ಕಿಲ್ಲ” ಎಂದ ಗಾಣಿಗ.

“ಹಾಗಾದರೆ ಹತ್ತಿ ಬರಲಿ” ಎಂದಳು ಅವಳು. “ಬೇಡ ಎಂದವರು ಯಾರು?”

ಕುಂಬಾರ ಹತ್ತಲಿಲ್ಲ. ಬಗ್ಗಿ ಪಂಚೆ ಎತ್ತಿ ಕಟ್ಟಿ, ಮಣ್ಣು ತುಳಿಯಲು ಶುರು ಮಾಡಿದ.

ಆ ವರ್ಷವೂ ಅವನು ಮಣ್ಣು ಜರಡಿ ಹಿಡಿದ, ಕೊಡತಿಯಲ್ಲಿ ಬಡಿದ, ಕಲ್ಲಿನಲ್ಲಿ ತಿಕ್ಕಿದ. ಕೆಲಸದಲ್ಲಿ ಒಂದು ಕೂದಲಿನಷ್ಟೂ ಕಡಿಮೆ ಮಾಡಲಿಲ್ಲ. ನೆಲ ಮತ್ತೆ ಕೆರೆಯಾಯಿತು. ಆರಿದ ದಿನ ಅವನೇ ಕಣಕ್ಕೆ ಹೋಗಿ, ಮದ್ದಳೆಯನ್ನು ತನ್ನ ತಲೆಯ ಮೇಲೆ ಹೊತ್ತು ತಂದ. ಕುಣಿಯುವವರು ಹೊಸ್ತಿಲಲ್ಲಿ ನಿಂತು ಅಭ್ಯಾಸದಂತೆ ಗೆಜ್ಜೆ ಬಿಚ್ಚತೊಡಗಿದರು. ಕುಂಬಾರ ಕುಳಿತು, ಬಿಚ್ಚಿದವರ ಕಾಲಿಗೆ ಒಬ್ಬೊಬ್ಬರಿಗಾಗಿ ಮತ್ತೆ ಕಟ್ಟಿದ.

ಮೊದಲ ಹಿಮ್ಮಡಿ ಬಿದ್ದಾಗ ಅವನು ಕಣ್ಣು ಮುಚ್ಚಿಕೊಂಡ ಎನ್ನುತ್ತಾರೆ. ಎದೆಯ ಮೇಲೆ ಬಿದ್ದ ಹಾಗೆ ಆಗುವುದು ನಿಲ್ಲಲಿಲ್ಲ. ಹಾಗೆ ಆಗುವುದು ಅವನಿಗೆ ರೂಢಿಯಾಯಿತು. ಬಾಗಿಲ ಪಕ್ಕ ಒಂದು ಬೋಗುಣಿಯಲ್ಲಿ ಒದ್ದೆ ಮಣ್ಣು ಇಟ್ಟುಕೊಂಡಿರುತ್ತಿದ್ದ. ಬೆಳಿಗ್ಗೆ ಬಂದು, ಕಾಲು ತಿರುಚುವಂಥ ಬಿರುಕುಗಳನ್ನು ಮುಚ್ಚುತ್ತಿದ್ದ. ಉಳಿದವನ್ನು ಬೆರಳಲ್ಲಿ ಸವರಿ ಸುಮ್ಮನೆ ಬಿಡುತ್ತಿದ್ದ. ಹಿತ್ತಿಲ ಗೋಡೆಯನ್ನೂ ಆ ವರ್ಷವೇ ಹಾಕಿಕೊಟ್ಟ. ಅದಕ್ಕೆ ಜರಡಿ ಹಿಡಿಯಲಿಲ್ಲ. ಹಂದಿಗೆ ಅಷ್ಟು ಸಾಕಾಗಿತ್ತು.

ಮುಂದಿನ ಯುಗಾದಿಗೆ ಮುದುಕಿ ಮತ್ತೆ ಮಂಡಿಯೂರಿದಳು. ಎರಡು ಮಾರು ಹೋಗುವುದರೊಳಗೆ ಅವಳ ಕೈ ಮಣಿಕಟ್ಟಿನವರೆಗೆ ಇಳಿಯಿತು.

“ಅಬ್ಬಾ, ಇಷ್ಟು ಆಳ!” ಎಂದಳು. “ಯಾರದಪ್ಪಾ ಇದು?”

ನಾಲ್ಕು ಜನ ಒಟ್ಟಿಗೆ ಅದು ತಮ್ಮದೆಂದರು. ನನ್ನ ಜಾಗ, ನಿನ್ನ ಜಾಗ ಅಲ್ಲಿ, ನನ್ನ ಹಿಮ್ಮಡಿ ಇಟ್ಟು ನೋಡಿ, ನಿನ್ನದು ಆನೆಯ ಹಿಮ್ಮಡಿ, ಹೀಗೆ ಜಗಳ ಹತ್ತಿತು. ಬಳೆಗಾರ್ತಿ ಎಲ್ಲರನ್ನೂ ತಳ್ಳಿ ತನ್ನ ಕಾಲು ಇಟ್ಟಳು. ಮುದುಕಿ ಅವಳ ಕಾಲನ್ನೂ ಸರಿಸಿ ತನ್ನದನ್ನು ಇಟ್ಟು ನೋಡಿದಳು. ಕುಂಬಾರ ಗೋಡೆಗೆ ಒರಗಿ ನಿಂತಿದ್ದ. ಅಷ್ಟು ಇಂಪಾದ ಜಗಳವನ್ನು ಅವನು ಅದುವರೆಗೆ ಕೇಳಿರಲಿಲ್ಲ.

ತಾಯಿ ಕತೆ ನಿಲ್ಲಿಸಿದರು. ಮೊರದಲ್ಲಿ ಕಾಳು ರಾಶಿಯಾಗಿತ್ತು.

ನಿಂಬೆವ್ವ ನಗುತ್ತಿದ್ದಳು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ತಿಳಿಯಿತು ತಾಯಿ. ಒಪ್ಪಿಕೊಳ್ಳುತ್ತೇನೆ. ಉಳಿದ ಸದಸ್ಯರಿಗೂ ಈ ಕತೆ ಹೇಳುತ್ತೇನೆ. ಅವರಲ್ಲಿ ಇಬ್ಬರಂತೂ ಥೇಟ್ ಆ ಕುಂಬಾರನ ಹಾಗೆಯೇ” ಎಂದಳು. ಮಡಿಲಿನ ಸಿಪ್ಪೆ ಕೊಡವಿ ಎದ್ದಳು. ಪಕ್ಕಕ್ಕಿಟ್ಟಿದ್ದ ಬೀಗದ ಕೈಯನ್ನು ಎತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈ ಮುಗಿದಳು.

ತಾಯಿ ಮೊರದಿಂದ ತಲೆಯೆತ್ತದೆ ಕೇಳಿದರು: “ಮೂರು ವರ್ಷದಲ್ಲಿ ಒಂದು ಚರ್ಮವೂ ಹರಿದಿಲ್ಲ ಎಂದೆಯಲ್ಲ ನಿಂಬೆವ್ವ, ಯಾರೂ ಬಾರಿಸಲಿಲ್ಲವೇ?”